ಹದಿನೇಳು ಜನರ ಬ್ಯಾಂಡ್ ಕರೆಸುವ ಮುಂಚೆ

ತುಮಕೂರು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಬಿಗ್ ಬ್ಯಾಂಡಿನ ವಿಡಿಯೋ ನೋಡಿದೆ. ದೊಡ್ಡಮ್ಮನೂ ನೋಡಿದಳು. ಕಪ್ಪು ಕೋಟು ಹಾಕಿಕೊಂಡು 17 ಜನ ಮೂರು ಸಾಲಲ್ಲಿ ಕೂತು ನುಡಿಸುವುದು ಚೆನ್ನಾಗಿದೆ. ನಿಮ್ಮಣ್ಣನ ಆರತಕ್ಷತೆಗೆ ಇವರನ್ನೇ ಬೆಂಗಳೂರಿನಿಂದ ಕರೆಸಬೇಕು ಅಂತ ನೀನು ಪಟ್ಟು ಹಿಡಿದಿದ್ದೀಯಂತೆ. ನಿಮ್ಮಪ್ಪ ಫೋನ್ ಮಾಡಿ, "ಅಣ್ಣಾ, ಅವಳಿಗೆ ನೀನೇ ಸ್ವಲ್ಪ ಬುದ್ಧಿ ಹೇಳು" ಅಂದ. ನನ್ನ ಬಾಯಲ್ಲಿ ಬೇಡ ಅನ್ನಿಸುವುದು ಅವನ ಲೆಕ್ಕ. ನಾನು ಬೇಡ ಅನ್ನುವುದಿಲ್ಲ. ಆದರೆ ಮಂಟಪದ ಮ್ಯಾನೇಜರ್ ಕೆಲಸದಲ್ಲಿ ಇಷ್ಟು ವರ್ಷ ಎಂಥೆಂಥ ತಂಡಗಳು ಬಂದು ಹೋಗಿದ್ದನ್ನು ನೋಡಿದ್ದೇನೆ. ಮುಂಗಡ ಕೊಡುವ ಮುಂಚೆ ಇದನ್ನು ಪೂರ್ತಿ ಓದು.

ಮೊದಲು ಒಂದು ವಿಷಯ ತಿಳಿದುಕೋ. ಇದು ನಮ್ಮ ಕಡೆಯ ಆರ್ಕೆಸ್ಟ್ರಾ ಥರ ಅಲ್ಲ. ಗಣಪತಿ ಪೆಂಡಾಲಿನಲ್ಲಿ ನೋಡಿದ್ದೀಯಲ್ಲ, ಇಬ್ಬರು ಹಾಡುವವರು, ಒಂದು ಕೀಬೋರ್ಡ್, ರಿದಂ ಪ್ಯಾಡ್, ಗಿಟಾರ್. ಯಾರೋ ಒಂದು ಚೀಟಿ ಕಳಿಸುತ್ತಾರೆ. ಕೀಬೋರ್ಡಿನವನು ಶ್ರುತಿ ಕೇಳಿಕೊಂಡು ಅಲ್ಲೇ ಶುರು ಮಾಡುತ್ತಾನೆ. ಬಿಗ್ ಬ್ಯಾಂಡಿನಲ್ಲಿ ಅದು ನಡೆಯುವುದಿಲ್ಲ. ಸಾಮಾನ್ಯವಾಗಿ 5 ಸ್ಯಾಕ್ಸೋಫೋನ್, 4 ಟ್ರಂಪೆಟ್, 4 ಟ್ರಂಬೋನ್, ಜೊತೆಗೆ ಪಿಯಾನೋ, ಗಿಟಾರ್, ಬೇಸ್, ಡ್ರಮ್ಸ್. ಯಾರು ಯಾವ ಸ್ವರ ನುಡಿಸಬೇಕು ಅನ್ನುವುದನ್ನು ಬರೆದಿಟ್ಟಿರುತ್ತಾರೆ. ಒಬ್ಬೊಬ್ಬರ ಮುಂದೆಯೂ ಒಂದು ಸ್ಟ್ಯಾಂಡು, ಅದರಲ್ಲಿ ಅವರವರ ಹಾಳೆ. ಹಾಳೆಯಲ್ಲಿ ಇಲ್ಲದ ಹಾಡನ್ನು 13 ಜನ ಒಟ್ಟಿಗೆ ಊದಲು ಆಗುವುದಿಲ್ಲ.

ಹಾಗಾಗಿ "ಅಲ್ಲಿ ಬಂದ ಮೇಲೆ ನೋಡ್ಕೊಳ್ಳೋಣ" ಅಂತ ಇದ್ದರೆ, ಅವರು ತಮ್ಮ ಹತ್ತಿರ ಇರುವ ಇಂಗ್ಲಿಷ್ ಹಾಡುಗಳನ್ನೇ ನುಡಿಸಿ ಹೋಗುತ್ತಾರೆ. ಅದು ಅವರ ತಪ್ಪೂ ಅಲ್ಲ. ಡ್ಯೂಕ್ ಎಲಿಂಗ್ಟನ್, ಗ್ಲೆನ್ ಮಿಲ್ಲರ್ ಅವರ ಕಾಲದಿಂದ, ಅಂದರೆ 1930ರ ದಶಕದ ಅಮೆರಿಕದ ಡ್ಯಾನ್ಸ್ ಹಾಲ್‌ಗಳಿಂದ, ಬಂದ ಬಗೆ ಇದು. ನಿನಗೆ ಕನ್ನಡದ ಹಾಡು ಬೇಕು ಅಂದರೆ ಯಾರೋ ಕೂತು 17 ಜನಕ್ಕೂ ಬರೆಯಬೇಕು, ಅವರು ಒಮ್ಮೆಯಾದರೂ ಒಟ್ಟಿಗೆ ಕೂತು ಅಭ್ಯಾಸ ಮಾಡಬೇಕು. ಒಂದೂವರೆ ತಿಂಗಳು ಮುಂಚೆಯೇ ಹಾಡಿನ ಪಟ್ಟಿ ಕೊಡು. ಬರೆಯುವುದಕ್ಕೆ ಬೇರೆ ದುಡ್ಡು ಕೇಳುತ್ತಾರೆ, ಕೊಡು. ಹತ್ತು ಹಾಡು ಬೇಡ, ಮೂರು ಸಾಕು. ಒಂದನ್ನು ಅಜ್ಜಿಯನ್ನು ಕೇಳಿ ಆರಿಸು. ಅಜ್ಜಿಗೆ ಸ್ಯಾಕ್ಸೋಫೋನ್ ಅಂದರೆ ಕದ್ರಿ ಗೋಪಾಲನಾಥ್. ಗೋಪಾಲನಾಥ್ ಅವರು ಆ ವಾದ್ಯವನ್ನು ಮೊದಲು ಕೇಳಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಹೊರಗಿನ ವಾದ್ಯ ಅಂತ ನಿಮ್ಮಪ್ಪ ಗೊಣಗಿದರೆ ಇದನ್ನು ಹೇಳು, ಸುಮ್ಮನಾಗುತ್ತಾನೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನಮ್ಮ ಆರತಕ್ಷತೆಯಲ್ಲಿ ಸ್ಟೇಜು ಯಾರದು ಹೇಳು? ಗಂಡು ಹೆಣ್ಣಿನದು. ಏಳು ಗಂಟೆಗೆ ಇಬ್ಬರೂ ಬಂದು ನಿಂತರೆ ಮುಗಿಯಿತು. ಸಾಲು ಬಾಗಿಲ ತನಕ ಹೋಗುತ್ತದೆ. ಕವರ್ ಕೊಡು, ಕೈ ಕುಲುಕು, ಫೋಟೋಗೆ ನಿಲ್ಲು, ಕೆಳಗಿಳಿ, ಸೀದಾ ಊಟಕ್ಕೆ ಹೋಗು. ಊಟ ಆದವರು ತಾಂಬೂಲದ ಚೀಲ ಹಿಡಿದುಕೊಂಡು ಗಾಡಿ ಹತ್ತುತ್ತಾರೆ. ಶಿರಾ, ಮಧುಗಿರಿ, ಪಾವಗಡದಿಂದ ಬಂದವರಿಗೆ ವಾಪಸ್ ಹೋಗುವ ಯೋಚನೆ. ಇದರ ಮಧ್ಯೆ ಮೂಲೆಯಲ್ಲಿ ಯಾರು ಏನು ನುಡಿಸುತ್ತಿದ್ದಾರೆ ಅಂತ ತಿರುಗಿ ನೋಡುವವರು ಯಾರು? ಬಹಳ ಒಳ್ಳೆಯ ತಂಡಗಳು ನಮ್ಮ ಹಾಲ್‌ನಲ್ಲಿ ಖಾಲಿ ಕುರ್ಚಿಗಳಿಗೆ ನುಡಿಸಿದ್ದನ್ನು ನಾನು ಕಂಡಿದ್ದೇನೆ. ಹಾಡು ಮುಗಿದಾಗ ಚಪ್ಪಾಳೆ ತಟ್ಟಿದ್ದು ಕ್ಯಾಮೆರಾದವನ ಹುಡುಗ ಒಬ್ಬನೇ.

ಗುಬ್ಬಿ ವೀರಣ್ಣನವರ ಕಂಪನಿ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು ಅಂತ ನಮ್ಮ ಜಿಲ್ಲೆಯವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತೇವೆ. ಆನೆ ತಂದರು ಅಂದರೆ ಆನೆ ನಿಲ್ಲುವಂಥ ರಂಗವನ್ನೂ ಕಟ್ಟಿದ್ದರು ಅಂತ ಅರ್ಥ. ನೀನು ಬ್ಯಾಂಡ್ ತರುತ್ತೀಯ, ಸರಿ. ಅದಕ್ಕೆ ಜಾಗ ಎಲ್ಲಿ, ಹೊತ್ತು ಎಲ್ಲಿ?

ನನ್ನ ಸಲಹೆ ಇಷ್ಟು. ಸಾಲನ್ನು ಆರೂವರೆಗೇ ಶುರು ಮಾಡಿಸು. ಎಂಟೂ ಕಾಲಿಗೆ ನಿಲ್ಲಿಸು. ಗಂಡು ಹೆಣ್ಣು ಇಬ್ಬರೂ ಕೆಳಗಿಳಿದು ಮುಂದಿನ ಸೋಫಾದಲ್ಲಿ ಕೂರಲಿ. ಅವರು ಕೂತರೆ ಜನವೂ ಕೂರುತ್ತಾರೆ. ಒಂಬತ್ತರ ತನಕ ಮುಕ್ಕಾಲು ಗಂಟೆ ಬ್ಯಾಂಡಿನದು. ಆಮೇಲೆ ಉಳಿದವರು ಸ್ಟೇಜಿಗೆ ಬರಲಿ. ಆರೂವರೆಯಿಂದ ಎಂಟರ ತನಕ ಪಿಯಾನೋ, ಬೇಸ್, ಒಂದು ಸ್ಯಾಕ್ಸೋಫೋನ್ ಮೆಲ್ಲಗೆ ನುಡಿಸುತ್ತಿದ್ದರೆ ಸಾಕು. ಅಷ್ಟು ಹೊತ್ತೂ 17 ಜನ ಊದುವುದು ಬೇಡ. ಇದಕ್ಕೆ ಬೀಗರು ಒಪ್ಪಬೇಕು. ಹೆಣ್ಣಿನ ಕಡೆಯವರ ನೆಂಟರು ಸ್ಟೇಜಿನ ಕೆಳಗೆ ಮುಕ್ಕಾಲು ಗಂಟೆ ಕಾಯಬೇಕಾಗುತ್ತದಲ್ಲ. ನೀನು ಕೇಳಬೇಡ, ನಿಮ್ಮಪ್ಪನೂ ಬೇಡ. ನಾನು ಹೋಗಿ ಹುಡುಗಿಯ ಸೋದರಮಾವನ ಹತ್ತಿರ ಮಾತಾಡುತ್ತೇನೆ. ಒಪ್ಪಲಿಲ್ಲ ಅಂದರೆ ಐದು ಜನರ ತಂಡ ಕರೆಸು. ಬೇಜಾರು ಮಾಡಿಕೊಳ್ಳಬೇಡ. ಕೇಳುವವರೇ ಇಲ್ಲದ ಕಡೆ 17 ಜನರನ್ನು ಕೂರಿಸುವುದು ಅವರಿಗೂ ಅವಮಾನ, ನಿಮ್ಮಪ್ಪನ ಜೇಬಿಗೂ ನಷ್ಟ.

ಜಾಗದ ವಿಷಯ. ಮೂರು ಸಾಲಿಗೆ ಕಡಿಮೆ ಅಂದರೂ 24 ಅಡಿ ಅಗಲ, 16 ಅಡಿ ಆಳ ಬೇಕು. ಮುಂದೆ ಸ್ಯಾಕ್ಸೋಫೋನು, ಹಿಂದೆ ಸ್ವಲ್ಪ ಎತ್ತರದಲ್ಲಿ ಟ್ರಂಬೋನು, ಅದರ ಹಿಂದೆ ಇನ್ನೂ ಎತ್ತರದಲ್ಲಿ ಟ್ರಂಪೆಟ್ಟು. ಮದುವೆ ಸ್ಟೇಜಿನಲ್ಲಿ ಇದು ಹಿಡಿಸುವುದಿಲ್ಲ. ಎಡಗಡೆ ಗೋಡೆಗೆ ಬೇರೆ ಸ್ಟೇಜು ಹಾಕಿಸಬೇಕು. ಶಾಮಿಯಾನದವನಿಗೆ ಮೊದಲೇ ಹೇಳು. ಆಮೇಲೆ ಕುರ್ಚಿ. ಇದನ್ನು ಯಾರೂ ಯೋಚಿಸುವುದಿಲ್ಲ. ಮಂಟಪದ ಪ್ಲಾಸ್ಟಿಕ್ ಕುರ್ಚಿಗೆ ಕೈ ಇರುತ್ತದೆ. ಸ್ಯಾಕ್ಸೋಫೋನನ್ನು ಪಕ್ಕಕ್ಕೆ ಇಳಿಬಿಟ್ಟು ಹಿಡಿಯುವವರಿಗೆ ಆ ಕೈ ಅಡ್ಡ ಬರುತ್ತದೆ. ಟ್ರಂಬೋನಿನವರಿಗೆ ಕೊಳವೆಯನ್ನು ಮುಂದಕ್ಕೆ ತಳ್ಳಲು ಜಾಗ ಬೇಕು, ಇಲ್ಲದಿದ್ದರೆ ಮುಂದಿನವರ ತಲೆಗೆ ತಗಲುತ್ತದೆ. ಕೈ ಇಲ್ಲದ ಕುರ್ಚಿ ಬೇಕು ಅಂತ ಬರೆಸು. ಇನ್ನೊಂದು, ಸೆಕೆ ಅಂತ, ಪಾಪ, ಮಂಟಪದ ಹುಡುಗರು ಪಕ್ಕದಲ್ಲಿ ದೊಡ್ಡ ಸ್ಟ್ಯಾಂಡ್ ಫ್ಯಾನ್ ತಂದಿಡುತ್ತಾರೆ. ಹಾಡು ಶುರುವಾದ ಮೇಲೆ ಹಾಳೆಗಳು ಒಂದೊಂದಾಗಿ ಹಾರುತ್ತವೆ. ಒಬ್ಬ ಟ್ರಂಪೆಟ್ಟಿನವನು ಒಂದು ಕೈಯಲ್ಲಿ ವಾದ್ಯ, ಮೊಣಕೈಯಲ್ಲಿ ಹಾಳೆ ಒತ್ತಿಕೊಂಡು ನುಡಿಸಿದ್ದು ನನಗೆ ಈಗಲೂ ನೆನಪಿದೆ. ಬಟ್ಟೆ ಒಣಹಾಕುವ ಕ್ಲಿಪ್ಪು ಎರಡು ಡಜನ್ ತೆಗೆದಿಟ್ಟುಕೋ.

ಸೌಂಡು. ಸ್ಪೀಕರ್ ಇಷ್ಟು ಜೋರಿಲ್ಲದ ಕಾಲದಲ್ಲಿ ಹಾಲ್ ತುಂಬಿಸಲು ಹುಟ್ಟಿದ ಬ್ಯಾಂಡು ಇದು. ಗ್ರಾನೈಟ್ ನೆಲ, ಸಿಮೆಂಟ್ ಗೋಡೆ, ಎತ್ತರದ ಚಾವಣಿಯ ಮಂಟಪದಲ್ಲಿ ಟ್ರಂಪೆಟ್ಟಿಗೆ ಮೈಕ್ ಬೇಕಾಗುವುದೇ ಇಲ್ಲ. ಹಾಡುವವರಿಗೆ, ಪಿಯಾನೋಗೆ, ಬೇಸ್‌ಗೆ ಇದ್ದರೆ ಸಾಕು. ಆದರೆ ನಮ್ಮ ಸೌಂಡಿನವರಿಗೆ ಎಲ್ಲದಕ್ಕೂ ಮೈಕ್ ಇಟ್ಟು ಏರಿಸುವ ಚಟ. ಮುಂದಿನ ಸಾಲಲ್ಲಿ ಕೂತ ಅಜ್ಜ ಅಜ್ಜಿಯರು ಕಿವಿ ಮುಚ್ಚಿಕೊಂಡು ಎದ್ದು ಹೋಗುತ್ತಾರೆ. ಬ್ಯಾಂಡಿನವರ ಸೌಂಡ್ ಎಂಜಿನಿಯರ್ ಬಂದರೆ ಮಿಕ್ಸರ್ ಅವನ ಕೈಯಲ್ಲೇ ಇರಲಿ, ಮಂಟಪದವನು ಮುಟ್ಟಬಾರದು. ಕರೆಂಟಿನದೂ ಹಾಗೇ. ಬೆಸ್ಕಾಂ ಕೈ ಕೊಟ್ಟಾಗ ಜನರೇಟರ್ ಹಿಡಿಯುವ ತನಕ ಸ್ವಲ್ಪ ಹೊತ್ತು ಕತ್ತಲು. ಮಿಕ್ಸರಿಗೆ ಯುಪಿಎಸ್ ಹಾಕಿಸು, ಸ್ಟ್ಯಾಂಡುಗಳಿಗೆ ಸಣ್ಣ ಬ್ಯಾಟರಿ ದೀಪ ಸಿಕ್ಕಿಸು. ಕರೆಂಟ್ ಹೋದರೂ ಊದುವವರು ನಿಲ್ಲಿಸಬೇಕಿಲ್ಲ, ಹಾಳೆ ಕಾಣಬೇಕಷ್ಟೇ.

ಇನ್ನು ಹೊತ್ತಿನ ಮಾತು. ಶನಿವಾರ ಸಂಜೆ ಬೆಂಗಳೂರಿನಿಂದ ಹೊರಡುವವರು ಗೊರಗುಂಟೆಪಾಳ್ಯ, ನೆಲಮಂಗಲ ದಾಟುವುದೇ ಒಂದು ಸಾಹಸ. 70 ಕಿಲೋಮೀಟರ್ ತಾನೇ ಅಂತ ನಾಲ್ಕು ಗಂಟೆಗೆ ಹೊರಟರೆ ಕೆಟ್ಟಿತು. ಮಧ್ಯಾಹ್ನದ ಊಟ ಇಲ್ಲೇ ಮಾಡಲಿ, ಮೂರು ಗಂಟೆಗೆ ಸೌಂಡ್ ಚೆಕ್ ಶುರುವಾಗಲಿ. ಜನ ಬರುವ ಮುಂಚೆ ಮುಗಿಯಬೇಕು. ರಾತ್ರಿ ಹತ್ತಕ್ಕೆ ನಿಲ್ಲಿಸಲೇಬೇಕು. 2000ನೇ ಇಸವಿಯ ಶಬ್ದಮಾಲಿನ್ಯದ ನಿಯಮ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಬೇಡ ಅನ್ನುತ್ತದೆ. ಮುಚ್ಚಿದ ಹಾಲ್‌ಗೆ ಸ್ವಲ್ಪ ವಿನಾಯಿತಿ ಇದೆ. ಆದರೆ ಲಾನ್‌ನಲ್ಲಿ ಮಾಡಿದರೆ ಪೊಲೀಸರ ಅನುಮತಿ ಪತ್ರ ಕೈಯಲ್ಲಿರಲಿ. ನಿಯಮ ಬಿಡು, ಬೆಳಿಗ್ಗೆ ಮುಹೂರ್ತ ಇದೆ ಅನ್ನುವುದು ಮರೆಯಬೇಡ. ನಾಲ್ಕು ಗಂಟೆಗೆ ಏಳಬೇಕಾದ ಮದುಮಗಳನ್ನು ಹನ್ನೊಂದರ ತನಕ ಕೂರಿಸಿದರೆ ಬೀಗರು ಏನಂದುಕೊಳ್ಳುತ್ತಾರೆ?

ಕರಾರು ಬರೆಸು. ವಾಟ್ಸಾಪಿನ ಮಾತು ಸಾಲದು. ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತು, ಮಧ್ಯೆ ಬಿಡುವು ಎಷ್ಟು, ಬಸ್ಸು ಯಾರದು, ಸೌಂಡು ಯಾರದು, ಮದುವೆ ಮುಂದಕ್ಕೆ ಹೋದರೆ ಮುಂಗಡ ಏನಾಗುತ್ತದೆ, ಎಲ್ಲ ಇರಲಿ. ವಿಡಿಯೋದಲ್ಲಿ ಇರುವವರೇ ಬರುತ್ತಾರಾ ಅಂತ ಬಾಯಿ ಬಿಟ್ಟು ಕೇಳು. ಬೆಂಗಳೂರಿನಲ್ಲಿ ಒಬ್ಬನೇ ಟ್ರಂಪೆಟ್ಟಿನವನು ಮೂರು ನಾಲ್ಕು ತಂಡಗಳಲ್ಲಿ ನುಡಿಸುತ್ತಾನೆ. ಬದಲಿ ಬರುವುದು ತಪ್ಪಲ್ಲ, ಹಾಳೆ ಓದಲು ಬಂದರೆ ಆಯಿತು. ಆದರೆ 17 ಅಂತ ಹೇಳಿ 11 ಜನ ಬಂದು, ಉಳಿದದ್ದನ್ನು ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿದ ಸಂಗೀತ, ಹಾಕಿ ತುಂಬಿಸುವವರೂ ಇದ್ದಾರೆ. ಟ್ರ್ಯಾಕ್ ಇಲ್ಲ ಅಂತಲೇ ಒಂದು ಸಾಲು ಬರೆಸು. ಅರ್ಧಕ್ಕಿಂತ ಜಾಸ್ತಿ ಮುಂಗಡ ಕೊಡಬೇಡ. ಈವೆಂಟ್ ಕಂಪನಿಯವರು ಬಿಲ್ಲಿನಲ್ಲಿ ಮ್ಯೂಸಿಕ್ ಲೈಸೆನ್ಸ್ ಅಂತ ಸೇರಿಸಿದರೆ ಯಾಕೆ ಅಂತ ಕೇಳು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಮದುವೆಗೆ, ಅದಕ್ಕೆ ಸೇರಿದ ಸಮಾರಂಭಗಳಿಗೆ ವಿನಾಯಿತಿ ಇದೆ. ನಿಮ್ಮ ಆಫೀಸಿನ ವಾರ್ಷಿಕೋತ್ಸವಕ್ಕೆ ಇವರನ್ನು ಕರೆಸಿದರೆ ಅದು ಬೇರೆ ಲೆಕ್ಕ.

ಊಟ. ಕಲಾವಿದರನ್ನು ಕೊನೇ ಪಂಕ್ತಿಗೆ ದೂಡುವ ಕೆಟ್ಟ ಅಭ್ಯಾಸ ನಮ್ಮಲ್ಲಿದೆ. ಅಷ್ಟು ಹೊತ್ತಿಗೆ ಸಿಹಿ ಮುಗಿದಿರುತ್ತದೆ, ಅನ್ನ ಆರಿರುತ್ತದೆ. ಊದುವವರು ಹೊಟ್ಟೆ ತುಂಬ ತಿಂದು ಊದುವುದಿಲ್ಲ. ಐದೂವರೆಗೆ ಲಘುವಾಗಿ ಏನಾದರೂ ಕೊಡು. ಒಂಬತ್ತೂವರೆಗೆ 20 ಎಲೆ ಬೇರೆಯಾಗಿ ಹಾಕಿಸಲು ಅಡುಗೆಯವರಿಗೆ ನಾನೇ ಹೇಳುತ್ತೇನೆ. ಬಟ್ಟೆ ಬದಲಿಸಲು, ವಾದ್ಯದ ಪೆಟ್ಟಿಗೆ ಇಡಲು ಬೀಗ ಇರುವ ರೂಮು ಒಂದು.

ಮತ್ತೆ, ವಾಲಗದವರನ್ನು ಬಿಡಬೇಡ. ಬ್ಯಾಂಡ್ ಬರುತ್ತದಲ್ಲ, ವಾಲಗ ಯಾಕೆ ಅಂತ ನಿಮ್ಮಣ್ಣ ಅಂದನಂತೆ. ವರಪೂಜೆಗೆ, ಧಾರೆಗೆ ಗಟ್ಟಿಮೇಳ ಅಂದಾಗ ಡೋಲು ನಾಗಸ್ವರವೇ ಬೇಕು. ನಮ್ಮ ಮನೆಯ ಮೂರು ತಲೆಮಾರಿನ ಮದುವೆಗೆ ಒಂದೇ ಮನೆತನದವರು ಊದಿದ್ದಾರೆ. ಅವರಿಗೆ ಈಗಾಗಲೇ ಎಲೆ ಅಡಿಕೆ ಕೊಟ್ಟಾಗಿದೆ. ಬ್ಯಾಂಡಿನವರು ಸೌಂಡ್ ಚೆಕ್ ಮಾಡುವಾಗ ವರಪೂಜೆ ಇಟ್ಟುಕೊಳ್ಳಬಾರದು, ಅಷ್ಟೇ. ಪುರೋಹಿತರ ಹತ್ತಿರ ಹೊತ್ತು ಕೇಳಿಕೊಂಡು ನನಗೆ ಹೇಳು.

ಈ ಭಾನುವಾರ ಬಾ. ಬ್ಯಾಂಡಿನ ಲೀಡರ್‌ನನ್ನೂ ಜೊತೆಗೆ ಕರೆದುಕೊಂಡು ಬಾ. ಜಾಗ ನೋಡದೆ ಒಪ್ಪಿಕೊಳ್ಳುವವನಾದರೆ ಅವನ ಮೇಲೆ ನನಗೆ ನಂಬಿಕೆ ಇಲ್ಲ. ಆ ದಿನ ಮಂಟಪದಲ್ಲಿ ಬೆಳಿಗ್ಗೆ ಒಂದು ಮದುವೆ ಇದೆ, ನಾಲ್ಕರ ಮೇಲೆ ಖಾಲಿ. ಅಳತೆಯ ಟೇಪ್ ತಾ. ಮಧ್ಯಾಹ್ನದ ಊಟ ನಮ್ಮಲ್ಲೇ. ದೊಡ್ಡಮ್ಮ ನಿನ್ನ ಬ್ಲೌಸ್ ಅಳತೆಯೂ ಬೇಕು ಅನ್ನುತ್ತಿದ್ದಾಳೆ.

ಇಂತಿ
ನಿನ್ನ ದೊಡ್ಡಪ್ಪ