ಬ್ರಸೆಲ್ಸ್‌ನ ಕಾಗದ ತೋಟಕ್ಕೆ ಬರುವ ಮುನ್ನವೇ ಓದೋಣ: ವಾಚನಾಲಯ ಟ್ರಸ್ಟಿನ ದೇಣಿಗೆ ಮನವಿ

ಮಾನ್ಯ ಬೆಳೆಗಾರರೇ, ವಾಚನಾಲಯದ ಸದಸ್ಯರೇ, ಊರು ಬಿಟ್ಟು ದೂರ ಹೋದರೂ ಹೂಮಳೆ ಬಂತಾ ಎಂದು ಫೋನ್ ಮಾಡಿ ಕೇಳುವ ಬಂಧುಗಳೇ,

ನಮ್ಮ ಟ್ರಸ್ಟ್ ಈ ವರ್ಷ ಕಟ್ಟಡಕ್ಕಾಗಲಿ, ಕಪಾಟಿಗಾಗಲಿ ದುಡ್ಡು ಕೇಳುತ್ತಿಲ್ಲ. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಕೆಲವು ಅಧ್ಯಯನ ಸಂಸ್ಥೆಗಳು ವರ್ಷವಿಡೀ ಬರೆದು ಹೊರಹಾಕುವ ವರದಿಗಳನ್ನು ಓದಿ, ನಮಗೆ ಸಂಬಂಧಪಟ್ಟದ್ದನ್ನು ಕನ್ನಡದಲ್ಲಿ ಅಚ್ಚು ಹಾಕಿ ಹಂಚುವ ಕೆಲಸಕ್ಕೆ ಕೇಳುತ್ತಿದ್ದೇವೆ. ಸಕಲೇಶಪುರದ ಕಡೆಯ ಒಂದು ವಾಚನಾಲಯಕ್ಕೂ ಬ್ರಸೆಲ್ಸಿಗೂ ಎತ್ತಣಿಂದೆತ್ತ ಸಂಬಂಧ ಎಂದು ನಮ್ಮ ಟ್ರಸ್ಟಿಗಳ ಸಭೆಯಲ್ಲೇ ಕೇಳಿದವರಿದ್ದರು. ಸಂಬಂಧ ಕಾಫಿಯದು. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ, ಅದನ್ನು ಕೊಳ್ಳುವವರಲ್ಲಿ ಇಟಲಿ ಮೊದಲ ಸಾಲಿನಲ್ಲಿದೆ.

ಯುರೋಪಿಯನ್ ಒಕ್ಕೂಟದ ಅರಣ್ಯನಾಶ ತಡೆ ನಿಯಮದ ಹೆಸರು ಈಗ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಕ್ಯೂರಿಂಗ್ ವರ್ಕ್ಸ್‌ನವರು (ಕಾಫಿ ಸಂಸ್ಕರಣಾ ಘಟಕದವರು) ತೋಟದ ಅಕ್ಷಾಂಶ, ರೇಖಾಂಶ ಕೇಳತೊಡಗಿದ ಮೇಲೆ, ಕಾಫಿ ಮಂಡಳಿ ಮೊಬೈಲ್ ಆ್ಯಪ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ನಮಗೆ ಇದು ಗೊತ್ತಾದದ್ದು. ಆದರೆ ಅಲ್ಲಿ ಇದು ಶುರುವಾದದ್ದು ಯಾವಾಗ? ಒಕ್ಕೂಟದ ಕಾನೂನುಗಳ ಕರಡು ಬರೆಯುವ ಯುರೋಪಿಯನ್ ಆಯೋಗ ಈ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದ್ದು 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ. ಸುಮಾರು 12 ಲಕ್ಷ ಪ್ರತಿಕ್ರಿಯೆಗಳು ಹೋದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಸತ್ತು ಇಂಥ ಕಾನೂನು ಬೇಕೆಂದು ನಿರ್ಣಯ ಮಾಡಿತು. ಕರಡು ಹೊರಬಂದದ್ದು 2021ರ ನವೆಂಬರ್ 17ರಂದು. ನಿಯಮ ಜಾರಿಗೆ ಬಂದದ್ದು 2023ರ ಜೂನ್ 29ರಂದು. ಅಭಿಪ್ರಾಯ ಹೇಳಲು ಪ್ರಪಂಚದ ಯಾವ ಮೂಲೆಯವರಿಗೂ ಅವಕಾಶವಿತ್ತು, ಅದಕ್ಕೆ ಶುಲ್ಕವೂ ಇರಲಿಲ್ಲ. ನಾವು ಆಗ ಕೊಯ್ಲಿಗೆ ಆಳು ಹುಡುಕುತ್ತಿದ್ದೆವು.

ನಿಯಮದ ಸಾರ ಇಷ್ಟು. ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆ ಎಣ್ಣೆ, ಮರ, ದನ ಈ ಏಳು ಸರಕುಗಳು ಮತ್ತು ಅವುಗಳಿಂದ ಮಾಡಿದ ಪದಾರ್ಥಗಳು ಯುರೋಪಿಗೆ ಹೋಗಬೇಕಾದರೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂದು ಆಮದುದಾರ ತೋರಿಸಬೇಕು. (ಸುಳ್ಯ, ಪುತ್ತೂರಿನ ರಬ್ಬರ್ ಬೆಳೆಗಾರರೂ ಇದನ್ನು ಗಮನಿಸಬೇಕು.) ನಾಲ್ಕು ಹೆಕ್ಟೇರ್ ಒಳಗಿನ ತೋಟಕ್ಕೆ ನಕ್ಷೆಯ ಮೇಲೆ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತಲಿನ ಗಡಿಯನ್ನೇ ಗುರುತಿಸಿ ಕೊಡಬೇಕು. ಪಹಣಿಯಲ್ಲಿ ಅಜ್ಜನ ಹೆಸರೇ ಇನ್ನೂ ಕೂತಿರುವ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡ ಜಮೀನಿನ ಗಡಿ ಹಿಡಿಯುವುದು ಎಂಥ ಕೆಲಸ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ತಪ್ಪಿದ ಕಂಪನಿಗೆ ಹಾಕಬಹುದಾದ ಗರಿಷ್ಠ ದಂಡ, ಯುರೋಪಿನಲ್ಲಿ ಅದರ ವಾರ್ಷಿಕ ವಹಿವಾಟಿನ ಶೇ. 4ಕ್ಕಿಂತ ಕಡಿಮೆ ಇರಬಾರದು ಎಂದಿದೆ. ದಂಡ ಅಲ್ಲಿನ ಕಂಪನಿಗೆ ನಿಜ, ಆದರೆ ಹೆದರಿದ ಕಂಪನಿ ಅನುಮಾನ ಬಂದ ತೋಟದ ಬೀಜವನ್ನು ಮುಟ್ಟುವುದಿಲ್ಲ.

ನಿಯಮ ಅನ್ವಯವಾಗಬೇಕಿದ್ದದ್ದು 2024ರ ಡಿಸೆಂಬರ್ 30ರಿಂದ. ಅದನ್ನು ಒಂದು ವರ್ಷ ಮುಂದೂಡಿದರು. 2025ರ ಡಿಸೆಂಬರ್‌ನಲ್ಲಿ ಮತ್ತೆ ಮುಂದೂಡಿದರು. ಈಗ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30 ಎಂದಾಗಿದೆ. ಈ ನಡುವೆ 2025ರ ಮೇ ತಿಂಗಳಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿದರು. ಇವೆಲ್ಲ ನಮಗೆ ಅನುಕೂಲದ ಸುದ್ದಿಗಳೇ. ಆದರೂ ಪ್ರತಿ ಸಲ ಅದು ನಮಗೆ ಮುಟ್ಟಿದ್ದು ವ್ಯಾಪಾರಿ ಹೇಳಿದ ಮಾತಾಗಿ, ಅದರಲ್ಲೂ ಅವನಿಗೆ ಬೇಕಾದಷ್ಟೇ.

ಒಂದು ವಾಕ್ಯದ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳುತ್ತೇವೆ. ಮಲೆನಾಡಿನ ಕಾಫಿ ಮರದ ನೆರಳಿನಲ್ಲಿ ಬೆಳೆಯುತ್ತದೆ. ಅತ್ತಿ, ಹಲಸು, ನಂದಿ, ಸಿಲ್ವರ್ ಓಕ್, ಇವುಗಳ ಕೆಳಗೆ ಗಿಡ. ಉಪಗ್ರಹ ಮೇಲಿನಿಂದ ನೋಡಿದರೆ ಕಾಣುವುದು ಕಾಡೇ. ಅರ್ಧ ಹೆಕ್ಟೇರಿಗಿಂತ ಹೆಚ್ಚಿನ ಜಾಗ, ಐದು ಮೀಟರಿಗಿಂತ ಎತ್ತರದ ಮರ, ಶೇ. 10ಕ್ಕಿಂತ ಹೆಚ್ಚು ನೆರಳು ಇದ್ದರೆ ಅದು ಕಾಡು ಎಂಬುದು ನಿಯಮ ಇಟ್ಟುಕೊಂಡ ಅಳತೆ. ಹಾಗಾದರೆ ನಮ್ಮ ಅರ್ಧ ತಾಲ್ಲೂಕೇ ಕಾಡಾಯಿತು! ಆದರೆ ಅದೇ ನಿಯಮದ ಎರಡನೇ ವಿಧಿಯಲ್ಲಿ, ಮರದ ನೆರಳಿನಡಿ ಬೆಳೆ ತೆಗೆಯುವ ಕೃಷಿ ಅರಣ್ಯ ಪದ್ಧತಿಯ ಜಮೀನು ಕೃಷಿ ತೋಟವೆಂದೇ ಲೆಕ್ಕ, ಅದನ್ನು ಕಾಡಿನ ವ್ಯಾಖ್ಯೆಯಿಂದ ಹೊರಗಿಟ್ಟಿದೆ ಎಂದು ಸ್ಪಷ್ಟವಾಗಿ ಬರೆದಿದೆ. ಕೊಡಗು, ಹಾಸನ, ಚಿಕ್ಕಮಗಳೂರಿನ ಪ್ರತಿ ಬೆಳೆಗಾರನ ಜೇಬಿನಲ್ಲಿ ಇರಬೇಕಾದ ವಾಕ್ಯ ಇದು. ನೆರಳು ಮರ ಇದ್ದರೆ ತೊಂದರೆಯಂತೆ ಎಂಬ ಗಾಳಿಮಾತಿಗೆ ಹೆದರಿ ಮರ ಕಡಿಯಲು ಹೊರಟವರನ್ನು ತಡೆಯಬೇಕಾದರೆ, ಆ ವಾಕ್ಯ ಕನ್ನಡದಲ್ಲಿ ಅಚ್ಚಾಗಿ ಅವರ ಕೈಗೆ ಸಿಗಬೇಕು.

ಇಂಥ ಕಾನೂನುಗಳು ಆಯೋಗದ ಕಚೇರಿಯಲ್ಲಿ ಒಂದು ಬೆಳಿಗ್ಗೆ ಹುಟ್ಟುವುದಿಲ್ಲ. ಅದಕ್ಕೆ ಎರಡು ಮೂರು ವರ್ಷ ಮುಂಚೆಯೇ ಅಲ್ಲಿನ ನೀತಿ ಅಧ್ಯಯನ ಸಂಸ್ಥೆಗಳು, ಅಂದರೆ ಥಿಂಕ್ ಟ್ಯಾಂಕ್‌ಗಳು, ವಿಷಯವನ್ನು ಜಾಲಾಡಿಸಿರುತ್ತವೆ. 1976ರಲ್ಲಿ ಶುರುವಾದ ಯುರೋಪಿಯನ್ ಪರಿಸರ ನೀತಿ ಸಂಸ್ಥೆ, 1983ರಲ್ಲಿ ಹುಟ್ಟಿದ ಸೆಪ್ಸ್ (ಯುರೋಪಿಯನ್ ನೀತಿ ಅಧ್ಯಯನ ಕೇಂದ್ರ), 2005ರಿಂದ ಕೆಲಸ ಮಾಡುತ್ತಿರುವ ಬ್ರೂಗೆಲ್, ಹೀಗೆ ಹಲವು. ನಾವು ಮೊದಲು ಹಿಡಿದಿರುವುದು ಬ್ರೂಗೆಲ್ ಸಂಸ್ಥೆಯನ್ನು. ಅದರ ವರ್ಷದ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದರೆ ನಾವು ಏನನ್ನು, ಯಾವಾಗ ಓದಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

2003ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಜರ್ಮನಿ ತಮ್ಮ ಸ್ನೇಹ ಒಪ್ಪಂದದ 40ನೇ ವರ್ಷ ಆಚರಿಸಿದಾಗ ಇಂಥದ್ದೊಂದು ಅರ್ಥನೀತಿ ಸಂಸ್ಥೆ ಬೇಕೆಂಬ ಮಾತು ಬಂತು. ಹಾಗೆ ಹುಟ್ಟಿದ ಬ್ರೂಗೆಲ್‌ನ ಮೊದಲ ಅಧ್ಯಕ್ಷರು ಇಟಲಿಯ ಮಾರಿಯೋ ಮೊಂಟಿ, ಮುಂದೆ ಆ ದೇಶದ ಪ್ರಧಾನಿಯಾದವರು. ಒಕ್ಕೂಟದ ಹಲವು ಸರ್ಕಾರಗಳು, ಕೇಂದ್ರ ಬ್ಯಾಂಕುಗಳು, ದೊಡ್ಡ ಕಂಪನಿಗಳು ಅದರ ಸದಸ್ಯರು, ಅವರ ಚಂದಾ ಹಣವೇ ಮುಖ್ಯ ಆಧಾರ. ವರ್ಷದ ಸಂಶೋಧನೆಯ ವಿಷಯಗಳನ್ನು ಸದಸ್ಯರ ಜೊತೆ ಚರ್ಚಿಸಿ ಗೊತ್ತುಮಾಡುತ್ತಾರೆ. ಏನು ತೀರ್ಮಾನ ಬರೆಯಬೇಕು ಎಂಬುದರಲ್ಲಿ ಸದಸ್ಯರಿಗೆ ಮಾತಿಲ್ಲ. ಆಮೇಲೆ ವರ್ಷವಿಡೀ ಸಣ್ಣ ನೀತಿ ಟಿಪ್ಪಣಿಗಳು, ಉದ್ದದ ಸಂಶೋಧನಾ ಲೇಖನಗಳು, ಅಂಕಿ ಅಂಶಗಳ ಪಟ್ಟಿಗಳು ಹೊರಬರುತ್ತವೆ. ಕೆಲವು ಸಭೆಗಳಿಗೆ ಬಾಗಿಲು ಮುಚ್ಚಿರುತ್ತದೆ, ಹಲವು ಎಲ್ಲರಿಗೂ ತೆರೆದಿವೆ. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ವಾರ್ಷಿಕ ಸಮಾವೇಶ. ಅದರ ಬೆನ್ನಿಗೇ ಆಯೋಗದ ಅಧ್ಯಕ್ಷರು ಸಂಸತ್ತಿನಲ್ಲಿ ಒಕ್ಕೂಟದ ಸ್ಥಿತಿಗತಿಯ ಭಾಷಣ ಮಾಡುತ್ತಾರೆ, ನಂತರ ಆಯೋಗದ ಮುಂದಿನ ವರ್ಷದ ಕಾರ್ಯಕ್ರಮ ಹೊರಬೀಳುತ್ತದೆ. ಬೇಸಿಗೆ ರಜೆ ಮುಗಿದ ಈ ಎರಡು ತಿಂಗಳು ಅಲ್ಲಿ ಹೊಸ ಮಾತುಗಳು ಚಾಲ್ತಿಗೆ ಬರುವ ಕಾಲ. ನಮ್ಮಲ್ಲಿ ಮಳೆ ಹಿಂದೆ ಸರಿದು, ಕಾಯಿ ಬಲಿಯುತ್ತಿರುವ ಸಮಯ.

ಐದು ವರ್ಷಕ್ಕೊಮ್ಮೆ ಹೊಸ ಆಯೋಗ ಬರುವಾಗ ಬ್ರೂಗೆಲ್‌ನವರು ಅದರ ನಾಯಕತ್ವಕ್ಕೆ ವಿಷಯವಾರು ಟಿಪ್ಪಣಿ ಬರೆದು ಪುಸ್ತಕ ಮಾಡುತ್ತಾರೆ. ಕಳೆದ ಸಲ ಅದು ಬಂದದ್ದು 2024ರಲ್ಲಿ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದ ಮೇಲೆ ಯುರೋಪಿಗೆ ಎಲ್ಲಿಂದ ಎಷ್ಟು ಅನಿಲ ಬರುತ್ತಿದೆ, ಯಾವ ಸರ್ಕಾರ ಜನರ ಬಿಲ್ಲಿಗೆ ಎಷ್ಟು ನೆರವು ಕೊಟ್ಟಿದೆ ಎಂಬ ಲೆಕ್ಕವನ್ನು ಮತ್ತೆಮತ್ತೆ ಪರಿಷ್ಕರಿಸಿ ಎಲ್ಲರಿಗೂ ಉಚಿತವಾಗಿ ಒದಗಿಸಿದವರೂ ಇವರೇ.

ಮುಂಚೆ ಓದಿದರೆ ಏನು ಪ್ರಯೋಜನ ಎನ್ನುವವರಿಗೆ ಉಕ್ಕಿನ ಉದಾಹರಣೆ ಇದೆ. ಹೊರಗಿನಿಂದ ಬರುವ ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ, ಗೊಬ್ಬರದ ಮೇಲೆ ಯುರೋಪು ಇಂಗಾಲದ ಲೆಕ್ಕದಲ್ಲಿ ಗಡಿ ಶುಲ್ಕ ಹಾಕುವ ವ್ಯವಸ್ಥೆಯ ಕರಡು ಬಂದದ್ದು 2021ರ ಜುಲೈನಲ್ಲಿ. ಲೆಕ್ಕ ಕೊಡುವ ಹಂತ ಶುರುವಾದದ್ದು 2023ರ ಅಕ್ಟೋಬರ್‌ನಲ್ಲಿ, ಹಣದ ಹೊಣೆ ಬಂದದ್ದು 2026ರ ಜನವರಿಯಿಂದ. ಈ ಶುಲ್ಕದಿಂದ ನೋವು ಹೆಚ್ಚು, ಲಾಭ ಕಡಿಮೆ ಎಂದು ಬ್ರೂಗೆಲ್‌ನ ಸಂಶೋಧಕರು 2020ರ ಮಾರ್ಚ್‌ನಲ್ಲೇ ಬರೆದಿದ್ದರು. ಅವರ ಮಾತು ನಡೆಯಲಿಲ್ಲ, ಅದು ಬೇರೆ. ಆದರೆ ಏನು ಬರಲಿದೆ, ಅದಕ್ಕೆ ಪರ ವಿರೋಧದ ವಾದಗಳೇನು ಎಂಬುದೆಲ್ಲ ಆ ಹಾಳೆಗಳಲ್ಲಿತ್ತು. ತೋರಣಗಲ್ಲಿನಂಥ ಕಡೆಯ ದೊಡ್ಡ ಉಕ್ಕು ಕಾರ್ಖಾನೆಗಳಿಗೆ ಇಂಥದ್ದನ್ನು ಓದಿ ಹೇಳಲು ಸಂಬಳದ ಜನ ಇರುತ್ತಾರೆ. ಮೂರು ಎಕರೆ ರೋಬಸ್ಟಾ ಕಾಫಿ ಇರುವವನಿಗೆ ಯಾರಿದ್ದಾರೆ?

ಈ ಸಂಸ್ಥೆಗಳನ್ನು ನಾವು ತಲೆಯ ಮೇಲೆ ಹೊತ್ತು ಮೆರೆಸುತ್ತಿಲ್ಲ. ಕಂಪನಿಗಳ ಚಂದಾ ಪಡೆದು ನಿಷ್ಪಕ್ಷಪಾತವಾಗಿ ಬರೆಯುತ್ತೇವೆ ಎಂದರೆ ಅನುಮಾನಿಸುವವರು ಯುರೋಪಿನಲ್ಲೇ ಸಾಕಷ್ಟಿದ್ದಾರೆ, ಅನುಮಾನಿಸಬೇಕು ಕೂಡ. ಬ್ರಸೆಲ್ಸ್‌ನ ವರದಿಗಳಲ್ಲಿ ಮಲೆನಾಡಿನ ಸಣ್ಣ ಹಿಡುವಳಿದಾರ ಕಾಣಿಸುವುದು ಅಪರೂಪ. ಆದರೆ ಒಂದು ಪದ್ಧತಿಯನ್ನು ಅವರಿಂದ ಕಲಿಯಲು ನಮಗೆ ಸಂಕೋಚವಿಲ್ಲ. ಬ್ರೂಗೆಲ್ ಪ್ರತಿ ವರ್ಷ ವಾರ್ಷಿಕ ವರದಿಯಲ್ಲಿ ಹಣದ ಮೂಲ ಹೇಳುತ್ತದೆ, ಅಲ್ಲಿನ ಸಂಶೋಧಕರು ತಮ್ಮ ಹೊರಗಿನ ಹಿತಾಸಕ್ತಿಗಳನ್ನು ಬರೆದು ಬಹಿರಂಗ ಮಾಡುತ್ತಾರೆ. ನಾವೂ ಹಾಗೆಯೇ ಮಾಡುತ್ತೇವೆ. ಸಾವಿರ ರೂಪಾಯಿಗೆ ಮೇಲ್ಪಟ್ಟು ಕೊಟ್ಟ ಎಲ್ಲರ ಹೆಸರು, ಮೊತ್ತ ವಾಚನಾಲಯದ ಫಲಕದಲ್ಲಿ ಬರುತ್ತದೆ. ರಫ್ತು ವ್ಯಾಪಾರಿಗಳು, ಕ್ಯೂರಿಂಗ್ ವರ್ಕ್ಸ್‌ನವರು, ಗೊಬ್ಬರದ ಅಂಗಡಿಯವರು ಧಾರಾಳವಾಗಿ ಕೊಡಬಹುದು. ಆದರೆ ಯಾರೊಬ್ಬರಿಂದಲೂ ವರ್ಷದ ಖರ್ಚಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಪಡೆಯುವುದಿಲ್ಲ. ಸಂಚಿಕೆ ಅಚ್ಚಿಗೆ ಹೋಗುವ ಮುನ್ನ ಯಾವ ದಾನಿಗೂ ತೋರಿಸುವುದಿಲ್ಲ. ಗುಪ್ತದಾನ ದೇವರ ಹುಂಡಿಗೆ ಸರಿ, ಈ ಕೆಲಸಕ್ಕೆ ಬೇಡ.

ಇನ್ನು ಖರ್ಚಿನ ವಿಷಯ. ಅರ್ಥಶಾಸ್ತ್ರವನ್ನೋ ಕಾನೂನನ್ನೋ ಓದಿದ, ಕನ್ನಡದಲ್ಲಿ ಸಲೀಸಾಗಿ ಬರೆಯಬಲ್ಲ ಒಬ್ಬರನ್ನು ತಿಂಗಳಿಗೆ 25,000 ರೂ. ಗೌರವಧನದ ಮೇಲೆ ನೇಮಿಸಿಕೊಳ್ಳುತ್ತೇವೆ. ವರ್ಷಕ್ಕೆ 3 ಲಕ್ಷವಾಯಿತು. ಮೂರು ತಿಂಗಳಿಗೊಂದು ಸಂಚಿಕೆ, ಪ್ರತಿ ಸಲ 2,000 ಪ್ರತಿ. ಪ್ರತಿಯೊಂದಕ್ಕೆ 20 ರೂ. ಹಿಡಿದರೆ ಅಚ್ಚಿನ ಖರ್ಚು 1 ಲಕ್ಷ 60 ಸಾವಿರ. ತಿಂಗಳಿಗೊಂದು ಹೋಬಳಿಯಲ್ಲಿ ಬೆಳೆಗಾರರ ಸಭೆಗೆ 60 ಸಾವಿರ, ಅಂಚೆ ಮತ್ತು ಇಂಟರ್ನೆಟ್‌ಗೆ 40 ಸಾವಿರ. ಒಟ್ಟು 5 ಲಕ್ಷ 60 ಸಾವಿರ. ಬಾಡಿಗೆ ಇಲ್ಲ, ವಾಚನಾಲಯದ ಹಿಂದಿನ ಕೋಣೆ ಇದೆ. ಟ್ರಸ್ಟಿಗಳು ಓಡಾಟದ ಖರ್ಚನ್ನೂ ತೆಗೆದುಕೊಳ್ಳುವುದಿಲ್ಲ. ಸಭೆಯ ಕಾಫಿಗೆ ಬೆಳೆಗಾರರ ಪುಡಿಯನ್ನೇ ನೆಚ್ಚಿಕೊಂಡಿದ್ದೇವೆ.

ಮೊದಲ ಸಂಚಿಕೆಯಲ್ಲಿ ಅರಣ್ಯನಾಶ ನಿಯಮದ ಈಗಿನ ರೂಪ, ನೆರಳು ಮರದ ವಿಧಿ, ಜಂಟಿ ಪಹಣಿಯವರು ಇಟ್ಟುಕೊಳ್ಳಬೇಕಾದ ದಾಖಲೆಗಳು ಇರುತ್ತವೆ. ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನ ಮಾತುಗಳ ಮೇಲೆ ಕಣ್ಣಿಟ್ಟು ಮುಂದಿನ ಸಂಚಿಕೆ. ಆಯೋಗ ಯಾವುದಾದರೂ ಕರಡಿಗೆ ಅಭಿಪ್ರಾಯ ಕೇಳಿದರೆ, ಬೆಳೆಗಾರರ ಸಭೆ ಕರೆದು ಅವರ ಮಾತನ್ನು ಇಂಗ್ಲಿಷಿಗೆ ತಂದು ಗಡುವಿನೊಳಗೆ ಕಳಿಸುವುದು ಈ ಯೋಜನೆಯ ಬಹುಮುಖ್ಯ ಭಾಗ. ಅದಕ್ಕೆ ಸಿಗುವ ಕಾಲ ಕೆಲವೊಮ್ಮೆ 12 ವಾರ, ಕೆಲವೊಮ್ಮೆ ಬರೀ ನಾಲ್ಕು ವಾರ.

ಎಷ್ಟು ಕೊಡಬೇಕು ಎಂದರೆ, ಹೋದ ಕೊಯ್ಲಿನಲ್ಲಿ ಮಾರಿದ ಪ್ರತಿ ಮೂಟೆ ಕಾಫಿ ಚೆರ್ರಿಗೆ 20 ರೂಪಾಯಿಯಂತೆ ಲೆಕ್ಕ ಹಾಕಿ ಕೊಡಿ ಎಂಬುದು ನಮ್ಮ ಕೋರಿಕೆ. ಕೂಲಿ ಮಾಡುವವರಿಂದ ನಾವು ಕೇಳುವುದಿಲ್ಲ. ಸಂಚಿಕೆ ಅವರಿಗೂ ಉಚಿತ.

ಬೆಲ್ಜಿಯಂ, ಜರ್ಮನಿ, ನೆದರ್ಲೆಂಡ್ಸ್‌ನಲ್ಲಿರುವ ಕನ್ನಡಿಗರಿಗೆ ಒಂದು ಸೂಚನೆ. ವಿದೇಶಿ ದೇಣಿಗೆ ಪಡೆಯುವ ನೋಂದಣಿ ನಮಗಿಲ್ಲ. ಆದ್ದರಿಂದ ಭಾರತದ ಪಾಸ್‌ಪೋರ್ಟ್ ಇರುವವರು ಮಾತ್ರ ತಮ್ಮ ಬ್ಯಾಂಕ್ ಖಾತೆಯಿಂದ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರ ಹಣವನ್ನು ಎಷ್ಟೇ ಪ್ರೀತಿಯಿಂದ ಕೊಟ್ಟರೂ ವಾಪಸ್ ಮಾಡಬೇಕಾಗುತ್ತದೆ, ದಯವಿಟ್ಟು ಬೇಸರಿಸಬೇಡಿ. ಅಂಥವರು ಸಂಜೆ ಬಿಡುವು ಮಾಡಿಕೊಂಡು ಬ್ರಸೆಲ್ಸ್‌ನ ತೆರೆದ ಸಭೆಗಳಿಗೆ ಹೋಗಿ ಎರಡು ಪುಟ ಟಿಪ್ಪಣಿ ಕಳಿಸಿದರೆ ಅದೇ ದೊಡ್ಡ ದೇಣಿಗೆ. ಫ್ರೆಂಚ್, ಜರ್ಮನ್, ಇಟಾಲಿಯನ್ ಓದಬಲ್ಲವರೂ ಬೇಕಾಗಿದ್ದಾರೆ.

ನಗದು 2,000 ರೂ.ವರೆಗೆ ಮಾತ್ರ, ಅದಕ್ಕಿಂತ ಹೆಚ್ಚಿನದನ್ನು ಚೆಕ್ ಅಥವಾ ಯುಪಿಐ ಮೂಲಕ ಕೊಡಿ. ರಶೀದಿ ಪುಸ್ತಕ ವಾಚನಾಲಯದ ಕಚೇರಿಯಲ್ಲೂ ಟ್ರಸ್ಟಿಗಳ ಬಳಿಯೂ ಇದೆ. ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಬೇಕಾದವರು ಪ್ಯಾನ್ ಸಂಖ್ಯೆ ಬರೆಸುವುದನ್ನು ಮರೆಯಬೇಡಿ. ಅರ್ಧದಷ್ಟು ಹಣ ಸೇರಿದ ಕೂಡಲೇ ನೇಮಕಾತಿ ಮಾಡುತ್ತೇವೆ. ಯುಗಾದಿಯೊಳಗೆ ಅಷ್ಟೂ ಸೇರದಿದ್ದರೆ, ಕೊಟ್ಟವರನ್ನು ಕೇಳಿ, ಅವರ ಹಣ ಹಿಂದಿರುಗಿಸುತ್ತೇವೆ ಅಥವಾ ಮೊದಲ ಸಂಚಿಕೆಯೊಂದನ್ನೇ ತರುತ್ತೇವೆ.

ಟ್ರಸ್ಟಿನ ಪರವಾಗಿ,
ಕಾರ್ಯದರ್ಶಿ