ಮರಳು ಕಾಯೋ ಹೊತ್ತು

ದಾವಣಗೆರೆ
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಮೂರು ದಿನದಿಂದ ತಲೆಯಲ್ಲೇ ಸುತ್ತುತ್ತಿದೆ. "ಅಪ್ಪಾ, ನೈಟ್ ಡ್ಯೂಟಿ ಮುಗಿಸಿ ರೂಮಿಗೆ ಬಂದು ಜಪಸರ ಹಿಡಿದರೆ ಎರಡನೇ ಮಣಿಗೇ ಮನಸ್ಸು ವಾರ್ಡಿಗೆ ಓಡಿಹೋಗುತ್ತೆ, ಏಳನೇ ಬೆಡ್ಡಿನ ಡ್ರಿಪ್ ಬದಲಿಸಿದೆನೋ ಇಲ್ಲವೋ ಅಂತ. ಹೀಗೆ ಕೂರೋದಕ್ಕಿಂತ ಮಲಗೋದೇ ವಾಸಿ" ಅಂದೆ. ನಾನು ಬಾಯಿ ತೆರೆಯೋದ್ರೊಳಗೆ ನಿಮ್ಮಮ್ಮ ಫೋನ್ ಕಿತ್ತುಕೊಂಡು ಊಟ ಆಯ್ತಾ ಅಂತ ಶುರು ಮಾಡಿದಳು. ಇಂಥವೆಲ್ಲ ಫೋನಿನಲ್ಲಿ ಹೇಳೋಕೆ ನನಗೆ ಬರೋದೂ ಇಲ್ಲ ಬಿಡು.

ನಮ್ಮ ಮಂಡಕ್ಕಿ ಬಟ್ಟಿಯ ಕೆಲಸ ನೀನು ನೋಡದ್ದೇನಲ್ಲ. ಒಲೆಗೆ ಹೊಟ್ಟು ಸುರಿದು ಬೆಂಕಿ ಹಚ್ಚಿದ ಮೇಲೆ ಬಾಣಲೆಯ ಮರಳು ಕಾಯಬೇಕು. ಆತುರಕ್ಕೆ ಬಿದ್ದು, ಉಪ್ಪುನೀರು ಕುಡಿದ ಅಕ್ಕಿಯನ್ನು ಅಷ್ಟರಲ್ಲೇ ಸುರಿದರೆ ಅರಳೋದಿಲ್ಲ. ಕೆಂಪಗಾಗಿ ಹಲ್ಲಿಗೆ ಕಲ್ಲಿನಂತೆ ಸಿಗುತ್ತೆ. ಮರಳು ಹದಕ್ಕೆ ಬಂತೋ, ಅದೇ ಅಕ್ಕಿ ಚಟಪಟ ಅಂತ ಒಂದೆರಡು ಉಸಿರಿನೊಳಗೆ ಬೆಳ್ಳಗೆ ಉಬ್ಬಿ ಮೇಲೆ ಬರುತ್ತೆ. ಹೊಸದಾಗಿ ಬಂದ ಹುಡುಗರು ಮೊದಲ ಹಿಡಿ ಕೆಟ್ಟರೆ ಅಕ್ಕಿಯನ್ನು ಬೈತಾರೆ. ನಿನ್ನ ಆ ಮೊದಲ ಹತ್ತು ನಿಮಿಷ ಮರಳು ಕಾಯೋ ಹೊತ್ತು ಕಣವ್ವ. ನೀನು ಆಗಲೇ ಎದ್ದುಬಿಡ್ತೀಯ. ಇನ್ನು ಮನಸ್ಸು ಏಳನೇ ಬೆಡ್ಡಿಗೆ ಹೋದರೆ ಹೋಗಲಿ, ಆ ಮಣಿಯನ್ನು ಆ ಬೆಡ್ಡಿನವರ ಹೆಸರಿಗೇ ಎಣಿಸು.

ನಾನೇನು ದೊಡ್ಡ ಭಕ್ತ ಅಂತ ಬರೀತಿಲ್ಲ. ವರ್ಷಗಟ್ಟಲೆ ಬಾಯಲ್ಲಿ ಜಪಸರದ 53 ನಮೋ ಮರಿಯಾ ಪ್ರಾರ್ಥನೆ, ತಲೆಯಲ್ಲಿ ಚೀಲದ ಲೆಕ್ಕ. ಹದಿನೈದು ನಿಮಿಷಕ್ಕೆ ಮುಗಿಸಿ ಗಡಿಯಾರ ನೋಡ್ತಿದ್ದೆ. ನನಗೆ ನಾಚಿಕೆ ಆಗಿದ್ದು ಬಟ್ಟಿಯಲ್ಲೇ. ನಸುಕಿನ ಆಜಾನ್ ಕೂಗಿದ ತಕ್ಷಣ ನಮ್ಮ ಮಾಲೀಕರು ಕಾದ ಮರಳನ್ನು ಹಾಗೇ ಬಿಟ್ಟು, ಕೈಕಾಲು ಮುಖ ತೊಳೆದು ನಮಾಜಿಗೆ ಹೋಗ್ತಾರೆ. ಉರಿ ದಂಡ ಆಗುತ್ತಲ್ಲ ಅಂತ ಒಮ್ಮೆ ಕೇಳಿದೆ. "ಆಗಲಿ ಬಿಡು, ಅದು ಅವನ ಪಾಲು" ಅಂದರು. ಅವತ್ತಿನಿಂದ ಅವರು ಹೋದಾಗ ನಾನೂ ಹೊಟ್ಟಿನ ಚೀಲದ ಮೇಲೆ ಕೂರ್ತೀನಿ. ಉಳಿದ ಹೊತ್ತನ್ನು ದೇವರಿಗೆ ಕೊಡೋಣ ಅಂತ ಕಾದಿದ್ದೆ ನೋಡು, ಹೊತ್ತು ಉಳೀಲೇ ಇಲ್ಲ.

ಬೈಬಲಿನಲ್ಲಿ ಮಾರ್ಕನ ಶುಭಸಂದೇಶದ ಮೊದಲನೇ ಅಧ್ಯಾಯ ಮತ್ತೆ ಓದು, ನರ್ಸ್ ಆಗಿ ಓದು. ಶಿಷ್ಯ ಪೇತ್ರನ ಅತ್ತೆಗೆ ಜ್ವರ, ಯೇಸುಸ್ವಾಮಿ ವಾಸಿ ಮಾಡ್ತಾರೆ. ಸಂಜೆ ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ರೋಗಿಗಳನ್ನು ಹೊತ್ತು ತಂದು ಬಾಗಿಲಲ್ಲಿ ನಿಲ್ಲುತ್ತೆ. ಅಂಥ ಡ್ಯೂಟಿ ಮುಗಿಸಿದ ಯೇಸುಸ್ವಾಮಿ ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬರೇ ನಿರ್ಜನ ಜಾಗಕ್ಕೆ ಪ್ರಾರ್ಥನೆಗೆ ಹೋಗ್ತಾರೆ. ಸಿಮೋನ, ಅಂದರೆ ಅದೇ ಪೇತ್ರ, ಹುಡುಕಿಕೊಂಡು ಬಂದು "ಎಲ್ಲರೂ ನಿಮ್ಮನ್ನೇ ಹುಡುಕ್ತಿದ್ದಾರೆ" ಅಂತಾನೆ. ಸ್ವಾಮಿ ವಾಪಸ್ ಆ ಬಾಗಿಲಿಗೆ ಹೋಗೋದಿಲ್ಲ, ಪಕ್ಕದ ಊರುಗಳಿಗೆ ಹೋಗೋಣ ಅಂತಾರೆ. ಮುಂದೆ ಎಲ್ಲಿಗೆ ಅನ್ನೋದು ಆ ಕತ್ತಲಲ್ಲೇ ತೀರ್ಮಾನ ಆಗಿತ್ತೇನೋ ಅಂತ ನನಗನ್ನಿಸುತ್ತೆ. ಫಾದರ್ ಹೀಗೆ ಹೇಳಿದ್ದಲ್ಲ, ನನ್ನ ಲೆಕ್ಕಾಚಾರ.

ಕೂತಲ್ಲೇ ನಿದ್ದೆ ಬರುತ್ತೆ ಅಂತೀಯ. ಬರಲಿ. 24 ವರ್ಷಕ್ಕೇ ತೀರಿಕೊಂಡ ಫ್ರಾನ್ಸಿನ ಲಿಸ್ಯೂದ ಸಂತ ತೆರೇಸಾ ಮಠದಲ್ಲಿ ಏಳು ವರ್ಷ ಪ್ರಾರ್ಥನೆ ಹೊತ್ತಲ್ಲಿ ತೂಕಡಿಸಿದವಳು. ಮಲಗಿರೋ ಮಕ್ಕಳ ಮೇಲೂ ಅಪ್ಪ-ಅಮ್ಮನಿಗೆ ಅಷ್ಟೇ ಪ್ರೀತಿ ಇರುತ್ತೆ, ವೈದ್ಯರು ಆಪರೇಷನ್‌ಗೆ ಮುಂಚೆ ರೋಗಿಯನ್ನು ಮಲಗಿಸೋದಿಲ್ಲವೇ ಅಂತ ಸಮಾಧಾನ ಮಾಡಿಕೊಂಡಳಂತೆ. ಆಪರೇಷನ್ ಥಿಯೇಟರಲ್ಲಿ ನಿಲ್ಲೋ ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು. ಸೋಪು ಹಚ್ಚಿ ಕೈ ತೊಳೆಯೋಕೆ 40ರಿಂದ 60 ಸೆಕೆಂಡ್ ಬೇಕು ಅಂತ ಕೊರೋನಾ ಕಾಲದಲ್ಲಿ ನಮಗೆಲ್ಲ ಪಾಠ ಮಾಡಿದವಳು ನೀನು. "ಸ್ವರ್ಗದಲ್ಲಿರುವ ನಮ್ಮ ತಂದೆಯೇ" ಪ್ರಾರ್ಥನೆ ನಿಧಾನವಾಗಿ ಹೇಳಿದರೂ ಅಷ್ಟರಲ್ಲಿ ಮುಗಿಯುತ್ತೆ, ಗಡಿಯಾರ ಇಟ್ಟು ನೋಡಿದ್ದೀನಿ. ಒಂದು ಡ್ಯೂಟಿಯಲ್ಲಿ ಎಷ್ಟು ಸಲ ಕೈ ತೊಳೀತೀಯೋ ಲೆಕ್ಕ ಹಾಕು. ಆದರೆ ಅದು ಮಂಡಕ್ಕಿ ತಿಂದ ಹಾಗೆ, ಊಟ ಅಲ್ಲ. (ದಾವಣಗೆರೆಯವಳು ಈ ಮಾತು ಒಪ್ಪೋದು ಕಷ್ಟ, ಗೊತ್ತು.) ಒಂದು ಹೊತ್ತು ಅಂತ ಕೂರಲೇಬೇಕು. ಬೆಳಿಗ್ಗೆ ರೂಮಿಗೆ ಬಂದು ಸ್ನಾನ ಆದಮೇಲೆ, ಮೊಬೈಲನ್ನು ಚಾರ್ಜಿಗೆ ಹಾಕಿ ಆಚೆ ಇಟ್ಟು ಕೂತು ನೋಡು. ಇಪ್ಪತ್ತು ನಿಮಿಷ ಸಾಕು.

ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬ. ರಜೆ ಸಿಕ್ಕರೆ ಬಾ, ಇಲ್ಲದಿದ್ದರೆ ನಿನ್ನ ಹೆಸರಿನ ಮೇಣದಬತ್ತಿ ನಿಮ್ಮಮ್ಮ ಹಚ್ಚುತ್ತಾಳೆ. ಮೂರು ವರ್ಷದವಳಿದ್ದಾಗ ಅಲ್ಲಿ ಜನಜಂಗುಳಿಯಲ್ಲಿ ನನ್ನ ಹೆಗಲ ಮೇಲೆ ಕೂತು ಇಡೀ ಪೂಜೆ ನಿದ್ದೆ ಮಾಡಿದ್ದೆ, ನನ್ನ ಅಂಗಿಯೆಲ್ಲ ಜೊಲ್ಲು.

ಪಕ್ಕದ ಮನೆ ಹುಡುಗ ಬುಧವಾರ ಬೆಂಗಳೂರಿಗೆ ಬರ್ತಾನೆ. ಎರಡು ಸೇರು ಮಂಡಕ್ಕಿ, ಒಗ್ಗರಣೆಗೆ ಹುರಿಗಡಲೆ ಪುಡಿ ಕಳಿಸ್ತೀನಿ. ಮತ್ತೆ, ದಿನಾ ಕೂತು ಎದ್ದ ಮೇಲೆ ನನಗೊಂದು ಮಿಸ್ಡ್ ಕಾಲ್ ಕೊಡು. ನಾನು ಎತ್ತೋದಿಲ್ಲ, ಆ ಹೊತ್ತಿಗೆ ಕೈ ತುಂಬಾ ಉಪ್ಪುನೀರು ಇರುತ್ತೆ.

ನಿನ್ನ
ಅಪ್ಪ