ನಡೆಸಿದವರಿಗೆ ನಮಸ್ಕಾರ

ಮಗಳಿಗೆ ಮೂರು ತಿಂಗಳು ತುಂಬಿದೆ. ಬಾಣಂತನದ ನಡುವೆ ಸಿಕ್ಕ ಈ ಬಿಡುವಿನಲ್ಲಿ, ಉಳಿಸಿಕೊಂಡಿದ್ದ ಧನ್ಯವಾದಗಳನ್ನು ಹೇಳಿಬಿಡುತ್ತೇನೆ.

ಮೊದಲನೆಯದು ನನ್ನ ಫಿಸಿಯೋಥೆರಪಿಸ್ಟ್ ಅವರಿಗೆ. ಆರನೇ ತಿಂಗಳಲ್ಲಿ ಸೊಂಟದ ಹಿಂಭಾಗ ಮತ್ತು ತೊಡೆಸಂದಿಯನ್ನು ಹಿಡಿದುಕೊಂಡ ನೋವು ಎಷ್ಟಿತ್ತೆಂದರೆ, ರಾತ್ರಿ ಮಗ್ಗುಲು ಬದಲಿಸಲು ಯಜಮಾನರನ್ನು ಎಬ್ಬಿಸಬೇಕಾಗಿತ್ತು. "ಬಸುರಿಯ ಸೊಂಟ ನೋಯದೆ ಇನ್ಯಾರದ್ದು ನೋಯಬೇಕು, ಸುಮ್ಮನೆ ಮಲಗು" ಎಂಬುದು ಬಂದವರೆಲ್ಲರ ಉಪದೇಶ. ಇವರು ಮಾತ್ರ ನನ್ನನ್ನು ನಡೆಸಿ ನೋಡಿದರು, ಮಲಗಿಸಿ ಒಂದೊಂದೇ ಕಾಲನ್ನು ಎತ್ತಿಸಿದರು. ಹಾರ್ಮೋನುಗಳಿಂದ ಕೀಲುಗಳ ಕಟ್ಟು ಸಡಿಲವಾಗುತ್ತದೆ, ಹೊಟ್ಟೆ ಮುಂದೆ ಬಂದಂತೆ ಬೆನ್ನಿನ ಬಾಗು ಹೆಚ್ಚುತ್ತದೆ, ಆಗ ಸುತ್ತಲಿನ ಸ್ನಾಯುಗಳೇ ಭಾರ ಹೊರಬೇಕು. ಅವಕ್ಕೆ ಕಸುವು ಕೊಡೋಣ ಎಂದರು.

ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು ಸೊಂಟವನ್ನು ಗೋಡೆಗೆ ಒತ್ತುವುದು, ಬೆಕ್ಕಿನಂತೆ ಕೈ-ಮಂಡಿಯೂರಿ ಬೆನ್ನನ್ನು ಏರಿಸಿ ಇಳಿಸುವ ಮಾರ್ಜಾಲಾಸನ, ಕುಳಿತಲ್ಲೇ ಮೊಣಕಾಲುಗಳ ನಡುವೆ ದಿಂಬಿಟ್ಟು ಅದುಮುವುದು, ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು. ಆದರೆ ನನ್ನನ್ನು ಉಳಿಸಿದ್ದು ಹಾಸಿಗೆಯಿಂದ ಏಳುವ ಪಾಠ. ಎರಡೂ ಮೊಣಕಾಲು ಮಡಚಿ ಜೋಡಿಸಿ, ಭುಜ, ಸೊಂಟ, ಕಾಲು ಮೂರನ್ನೂ ಒಟ್ಟಿಗೆ ದಿಮ್ಮಿಯಂತೆ ಹೊರಳಿಸಿ, ಪಾದಗಳನ್ನು ಕೆಳಗಿಳಿಸುತ್ತಾ ಕೈಯೂರಿ ಏಳಬೇಕು. ಸಲ್ವಾರನ್ನು ಒಂಟಿ ಕಾಲಲ್ಲಿ ನಿಂತು ತೊಡಬಾರದು, ಕುಳಿತೇ ತೊಡಬೇಕು. ಇಷ್ಟು ಪಾಲಿಸಿದ್ದಕ್ಕೆ ಯಜಮಾನರ ನಿದ್ದೆ ಅವರಿಗೆ ವಾಪಸ್ಸಾಯಿತು.

ಇದಕ್ಕೆಲ್ಲ ಒಪ್ಪಿಗೆ ಕೊಡುವ ಮೊದಲು ರಕ್ತದೊತ್ತಡ, ಮಾಸು ಇರುವ ಜಾಗ ಎಲ್ಲವನ್ನೂ ಪರೀಕ್ಷಿಸಿದ ಹೆರಿಗೆ ವೈದ್ಯರಿಗೂ ಋಣಿ. ತೊಂದರೆಯಿಲ್ಲದ ಗರ್ಭಿಣಿಯರಿಗೆ ವಾರಕ್ಕೆ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ ಎಂದು ಅವರು ತಿಳಿಸಿದ ಮೇಲೆಯೇ ಮನೆಯ ಹಿರಿಯರು ಬಾಯಿ ಮುಚ್ಚಿದ್ದು! ನಡೆಯುವಾಗ ಮಾತನಾಡುವಷ್ಟು ಉಸಿರಿರಬೇಕು. ರಕ್ತ ಅಥವಾ ನೀರು ಹೋದರೆ, ತಲೆ ಸುತ್ತಿದರೆ, ಒಂದೇ ಮೀನಖಂಡ ಊದಿ ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಬರಬೇಕು ಎಂದು ಎಚ್ಚರಿಸಿದ್ದೂ ಅವರೇ.

ನನ್ನ ತರಗತಿಗಳನ್ನು ಮಹಡಿಯಿಂದ ಕೆಳಗಿಳಿಸಿದ ಮುಖ್ಯೋಪಾಧ್ಯಾಯರಿಗೆ, ಕೇಳದೆಯೇ ಕರಿಹಲಗೆಯ ಪಕ್ಕ ಕುರ್ಚಿ ತಂದಿಡುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿಯರಿಗೆ ನಮಸ್ಕಾರ.

ನೋವು ಪೂರ್ತಿ ಹೋಗಲಿಲ್ಲ. ತಡೆದುಕೊಳ್ಳುವಷ್ಟಕ್ಕೆ ಇಳಿಯಿತು, ರಜೆಯವರೆಗೂ ಪಾಠ ಮಾಡಿದೆ. ಹೆರಿಗೆ ಸಿಸೇರಿಯನ್ ಆಯಿತು. "ಅಷ್ಟೆಲ್ಲ ವ್ಯಾಯಾಮ ಮಾಡಿ ಏನು ಬಂತು?" ಎಂದು ಕೇಳಿದವರಿದ್ದಾರೆ. ನಾನು ಮಾಡಿದ್ದು ರಾತ್ರಿ ಮಗ್ಗುಲು ಬದಲಿಸುವುದಕ್ಕೆ ಸ್ವಾಮಿ, ಅದು ಬಂತು.

ಕೊನೆಯದು ಅತ್ತೆಗೆ. ಮೊದಲು ಗೊಣಗಿದವರು, ಆಮೇಲೆ "ನನ್ನದೂ ಸೊಂಟವೇ ತಾನೇ" ಎಂದು ಪಕ್ಕದಲ್ಲೇ ಮಂಡಿಯೂರಿ ಮಾರ್ಜಾಲಾಸನಕ್ಕೆ ಇಳಿದರು. ಮುಂದಿನ ವಾರದಿಂದ ನನಗೆ ಹೊಟ್ಟೆಯ ಸ್ನಾಯುಗಳ ವ್ಯಾಯಾಮ ಶುರು. ಅವರು ತಮಗೂ ಒಂದು ಹೊಸ ಚಾಪೆ ತರಿಸಿಕೊಂಡಿದ್ದಾರೆ.